ಶೆಲ್ಟರ್ ನಾಯಿಯನ್ನು ಮಲೆನಾಡಿನ ಮನೆಗೆ ತರುವುದು ಹೇಗೆ? ಹಂತ ಹಂತವಾಗಿ

"ಶಿವಮೊಗ್ಗದಲ್ಲಿ ಶೆಲ್ಟರ್ ನಾಯಿ ಸಾಕೋಕೆ ಕೊಡ್ತಾರಾ? ದುಡ್ಡೆಷ್ಟು? ಮರಿ ಇದೆಯಾ?" ಕೇಳುವವರೆಲ್ಲ ಕೇಳುವುದು ಈ ಮೂರನ್ನೇ. ಕೊಡುತ್ತಾರೆ. ನಾಯಿಗೆ ಬೆಲೆ ಇಲ್ಲ, ಲಸಿಕೆಯ ಖರ್ಚನ್ನೋ ಒಂದಿಷ್ಟು ದೇಣಿಗೆಯನ್ನೋ ಕೇಳಬಹುದು. ಮರಿಗಳು ಇರುತ್ತವೆ, ದೊಡ್ಡ ನಾಯಿಗಳು ಅದಕ್ಕಿಂತ ಜಾಸ್ತಿ ಇರುತ್ತವೆ.

ಆದರೆ ತಂದ ಮೇಲೆ ಮೊದಲ ತಿಂಗಳು ಹೇಗೆ ನೋಡಿಕೊಳ್ಳಬೇಕು ಅಂತ ಕೇಳುವವರು ಕಡಿಮೆ. ರಜೆಯ ದಿನಗಳಲ್ಲಿ ಶೆಲ್ಟರ್‌ನಲ್ಲಿ ಕೈಲಾದ ಕೆಲಸ ಮಾಡುವ ನಾನು ಕಂಡ ಹಾಗೆ, ವಾಪಸ್ ಬರುವ ನಾಯಿಗಳು ಹೆಚ್ಚಾಗಿ ಆ ಒಂದು ತಿಂಗಳಲ್ಲೇ ಬರುತ್ತವೆ. ಹಾಗೆ ವಾಪಸ್ ಬಂದ ನಾಯಿ ಮತ್ತೊಬ್ಬರನ್ನು ನಂಬುವುದಕ್ಕೆ ಇನ್ನೂ ಹೆಚ್ಚು ದಿನ ಹಿಡಿಯುತ್ತದೆ. ಅದಕ್ಕೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ಶೆಲ್ಟರ್ ಅಂದರೆ ಗಾಯಗೊಂಡ, ಕಾಯಿಲೆ ಬಿದ್ದ, ಯಾರೋ ಬಿಟ್ಟುಹೋದ ಪ್ರಾಣಿಗಳನ್ನು ಆರೈಕೆ ಮಾಡುವ ಜಾಗ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮದ ಪ್ರಕಾರ ಬೀದಿನಾಯಿಗೆ ಸಂತಾನಹರಣ ಆಪರೇಷನ್ ಮತ್ತು ರೇಬೀಸ್ ಲಸಿಕೆ ಮಾಡಿ, ಸಾಮಾನ್ಯವಾಗಿ ಹಿಡಿದ ಜಾಗಕ್ಕೇ ಬಿಡಬೇಕು. ಹಾಗಾಗಿ "ನಮ್ಮ ಬೀದಿಯ ನಾಲ್ಕು ನಾಯಿ ಒಯ್ಯಿರಿ, ಒಂದು ಒಳ್ಳೆ ಮರಿ ಕೊಡಿ" ಅಂತ ಕೇಳಿದರೆ ಶೆಲ್ಟರ್‌ನವರು ಒಪ್ಪುವುದಿಲ್ಲ. ಅವರ ಮೇಲೆ ಬೇಜಾರಾಗಬೇಡಿ.

1. ಮನೆಯವರೆಲ್ಲ ಕೂತು ಮಾತಾಡಿ

ನಾಯಿ ಹತ್ತು ಹನ್ನೆರಡು ವರ್ಷ, ಕೆಲವೊಮ್ಮೆ ಹದಿನೈದು ವರ್ಷ ಬದುಕುತ್ತದೆ. ಈಗ ಎಂಟನೇ ಕ್ಲಾಸಿನಲ್ಲಿರುವ ಮಗಳು ಓದು ಮುಗಿಸಿ ಬೆಂಗಳೂರು ಸೇರಿದ ಮೇಲೂ ಅದು ನಿಮ್ಮ ಜಗಲಿಯಲ್ಲೇ ಇರುತ್ತದೆ. ಬೆಳಿಗ್ಗೆ ಊಟ ಹಾಕುವವರು ಯಾರು? ಮದುವೆ, ತಿಥಿ ಅಂತ ಎರಡು ದಿನ ಮನೆ ಬೀಗ ಹಾಕಿದರೆ ನೋಡಿಕೊಳ್ಳುವವರು ಯಾರು? ಈ ಎರಡಕ್ಕೂ ಒಬ್ಬೊಬ್ಬರ ಹೆಸರು ಗಟ್ಟಿಯಾಗಿ ಹೇಳಲು ಆಗಬೇಕು.

ಮನೆಯಲ್ಲಿ ಅಜ್ಜಿ ಮಡಿ ಮಾಡುವವರಾದರೆ ಅವರನ್ನು ಮೊದಲೇ ಕೇಳಿ. ನಾಯಿ ಜಗಲಿಯವರೆಗಾ, ನಡುಮನೆಗೂ ಬರಬಹುದಾ, ಅಡುಗೆಮನೆ ಮತ್ತು ದೇವರ ಮನೆ ಬೇಡವಾ ಎಂದು ತೀರ್ಮಾನಿಸಿಕೊಳ್ಳಿ. ಗಡಿ ಎಲ್ಲಿದ್ದರೂ ನಾಯಿ ಕಲಿಯುತ್ತದೆ. ಸೋಮವಾರ ಒಳಗೆ ಬಿಟ್ಟು ಮಂಗಳವಾರ ಕೋಲು ತೆಗೆದುಕೊಂಡು ಓಡಿಸಿದರೆ ಮಾತ್ರ ಅದಕ್ಕೆ ಏನೂ ಅರ್ಥವಾಗುವುದಿಲ್ಲ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ.

2. ತರುವ ಕಾಲ ನೋಡಿಕೊಳ್ಳಿ

ನಮ್ಮ ಕಡೆ ಇದು ದೊಡ್ಡ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಹೊಸ ನಾಯಿಯನ್ನು ಹೊರಗೆ ಓಡಾಡಿಸುವುದು, ಉಚ್ಚೆಗೆ ಹೊರಗೆ ಹೋಗುವುದನ್ನು ಕಲಿಸುವುದು, ಮೈ ಒಣಗಿಸುವುದು ಎಲ್ಲವೂ ಕಷ್ಟ. ದೀಪಾವಳಿಯ ಹಿಂದೆ ಮುಂದೆ ಪಟಾಕಿ ಇರುತ್ತದೆ, ಬೆದರಿ ಓಡಿದ ಹೊಸ ನಾಯಿಗೆ ಮನೆಯ ದಾರಿ ಗೊತ್ತಿರುವುದಿಲ್ಲ. ಆಮೇಲೆ ಅಡಿಕೆ ಕೊಯ್ಲು. ಅಂಗಳದ ತುಂಬ ಆಳುಗಳು, ಸುಲಿಯುವವರು, ಬೇಯಿಸುವ ಹಂಡೆ. ಹೆದರಿದ ನಾಯಿಗೆ ಅದು ಜಾತ್ರೆಯ ನಡುವೆ ಬಿಟ್ಟ ಹಾಗೆ.

ನನ್ನ ಕೇಳಿದರೆ ಶಿವರಾತ್ರಿ ಕಳೆದು ಮಳೆ ಹಿಡಿಯುವವರೆಗಿನ ದಿನಗಳು ಒಳ್ಳೆಯವು. ಆದರೆ ಉಣುಗಿನ (ರಕ್ತ ಹೀರುವ ಉಣ್ಣೆ) ಕಾಟ ಜೋರಾಗಿರುವುದೂ ಆಗಲೇ. ಅದಕ್ಕೇನು ಮಾಡಬೇಕು ಅಂತ ಏಳನೇ ಹಂತದಲ್ಲಿ ಹೇಳಿದ್ದೇನೆ. ಬೇಸಿಗೆ ರಜೆಯಲ್ಲಿ ತಂದರೆ ಇನ್ನೊಂದು ಎಚ್ಚರ ಬೇಕು. ಎರಡು ತಿಂಗಳು ಮಕ್ಕಳ ಜೊತೆಗಿದ್ದ ನಾಯಿಗೆ ಶಾಲೆ ಶುರುವಾದ ದಿನ ಮನೆ ಒಮ್ಮೆಲೇ ಖಾಲಿಯಾಗುತ್ತದೆ. ರಜೆಯಲ್ಲೇ ದಿನಕ್ಕೆ ಅರ್ಧ ಗಂಟೆ, ಒಂದು ಗಂಟೆ ಒಂಟಿಯಾಗಿ ಬಿಟ್ಟು ರೂಢಿ ಮಾಡಿಸಿ.

3. ಶೆಲ್ಟರ್‌ಗೆ ಎರಡು ಸಲ ಹೋಗಿ

ಮೊದಲ ಸಲ ಸುಮ್ನೆ ನೋಡುವುದಕ್ಕೆ ಹೋಗಿ. ಅವತ್ತೇ ತರುತ್ತೇವೆ ಅಂತ ಬುಟ್ಟಿ ಹಿಡಿದುಕೊಂಡು ಹೋಗಬೇಡಿ. ಮರುಕ ಉಕ್ಕಿ ಬಂದ ಗಳಿಗೆಯಲ್ಲಿ ಆರಿಸಿದ ನಾಯಿ ನಿಮ್ಮ ಮನೆಗೆ ಹೊಂದುವ ನಾಯಿಯೇ ಆಗಿರಬೇಕೆಂದಿಲ್ಲ.

ಹೋದ ಕೂಡಲೇ ಹತ್ತು ನಾಯಿ ಜಾಲರಿಗೆ ಹಾರುತ್ತವೆ. ಆ ಗದ್ದಲದಲ್ಲಿ ಯಾವ ನಾಯಿಯ ಸ್ವಭಾವವೂ ಗೊತ್ತಾಗುವುದಿಲ್ಲ. ಒಂದು ಗೂಡಿನ ಪಕ್ಕ ನೆಲದ ಮೇಲೆ ಓರೆಯಾಗಿ ಕೂತುಕೊಳ್ಳಿ. ನಾಯಿಯ ಕಣ್ಣನ್ನು ದಿಟ್ಟಿಸಬೇಡಿ, ಕೈ ಚಾಚಬೇಡಿ. ಐದು ನಿಮಿಷಕ್ಕೆ ಗದ್ದಲ ಇಳಿಯುತ್ತದೆ. ಆಗ ಹಿಂದಿನ ಮೂಲೆಯಲ್ಲಿ ಮುದುರಿ ಮಲಗಿದ್ದ ನಾಯಿಯೊಂದು ಮೂಗು ಎತ್ತಿ ಗಾಳಿ ಮೂಸುತ್ತದೆ. ಒಂದು ಹೆಜ್ಜೆ ಮುಂದೆ ಬಂದು ನಿಲ್ಲುತ್ತದೆ. ಹಿಂಗಾಲು ಇನ್ನೂ ಓಡಿಹೋಗಲು ತಯಾರಾಗಿಯೇ ಇರುತ್ತದೆ, ಕತ್ತು ಮಾತ್ರ ಉದ್ದವಾಗುತ್ತದೆ. ಕೊನೆಗೆ ನಿಮ್ಮ ಮೊಣಕೈಯನ್ನು ಒಮ್ಮೆ ಮೂಸಿ ಹಿಂದೆ ಸರಿಯುತ್ತದೆ. ಅಷ್ಟು ಸಾಕು. ಎರಡನೇ ಸಲ ಹೋದಾಗ ಅದೇ ನಾಯಿ ಬೇಗ ಬರುತ್ತದಾ ನೋಡಿ. ಬಂದರೆ ಅದಕ್ಕೆ ಹೆದರಿಕೆ ಇದ್ದರೂ ನಂಬಿಕೆ ಬೆಳೆಯುತ್ತಿದೆ ಎಂದರ್ಥ.

ನೋಡಿಕೊಳ್ಳುವವರ ಹತ್ತಿರ ಇವನ್ನು ಕೇಳಿ:

- ಇಲ್ಲಿಗೆ ಹೇಗೆ ಬಂತು? ಮೊದಲು ಯಾರದಾದರೂ ಮನೆಯಲ್ಲಿತ್ತಾ?
- ಊಟದ ತಟ್ಟೆಯ ಹತ್ತಿರ ಹೋದರೆ ಗುರ್ ಅನ್ನುತ್ತದಾ?
- ಬೇರೆ ನಾಯಿ, ಬೆಕ್ಕು, ದನ, ಕೋಳಿ ಕಂಡರೆ ಏನು ಮಾಡುತ್ತದೆ?
- ಯಾವ ಲಸಿಕೆ ಯಾವಾಗ ಆಗಿದೆ? ಆಪರೇಷನ್ ಆಗಿದೆಯಾ?
- ಹಿಂದೆ ಒಯ್ದವರು ವಾಪಸ್ ತಂದಿದ್ದಾರಾ, ಏಕೆ?

ಕೊನೆಯ ಪ್ರಶ್ನೆಗೆ ಹೌದು ಎಂದರೆ ಹಿಂಜರಿಯಬೇಡಿ. ಎರಡು ವರ್ಷದ ಒಂದು ಕಂದು ಬಣ್ಣದ ಹೆಣ್ಣು ನಾಯಿಯನ್ನು ನಾಲ್ಕನೇ ದಿನಕ್ಕೆ ವಾಪಸ್ ತಂದಿದ್ದರು. "ತಿನ್ನಲ್ಲ, ಬೊಗಳಲ್ಲ, ಕಾವಲಿಗೆ ಉಪಯೋಗವಿಲ್ಲ" ಅಂತ ಕಾರಣ. ಅದು ನಾಲ್ಕು ದಿನವೂ ಜಗಲಿಯ ಕಂಬಕ್ಕೆ ಕಟ್ಟಿಸಿಕೊಂಡೇ ಇತ್ತು. ನಾಯಿಯ ತಪ್ಪು ಅದರಲ್ಲಿ ಏನೂ ಇರಲಿಲ್ಲ.

ಮರಿಯೇ ಬೇಕು ಎನ್ನುವವರಿಗೆ: ಮರಿಗೆ ದಿನಕ್ಕೆ ಮೂರು ನಾಲ್ಕು ಸಲ ಊಟ, ಎರಡು ಗಂಟೆಗೊಮ್ಮೆ ಹೊರಗೆ ಕರೆದೊಯ್ಯುವ ಕೆಲಸ, ರಾತ್ರಿಯ ಅಳು ಎಲ್ಲ ಇರುತ್ತದೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಎರಡು ಮೂರು ವರ್ಷದ ನಾಯಿ ಎಷ್ಟೋ ವಾಸಿ. ಅದರ ಸ್ವಭಾವ ಆಗಲೇ ಗೊತ್ತಾಗಿರುತ್ತದೆ. ಕಪ್ಪು ನಾಯಿ, ಕುಂಟುವ ನಾಯಿ, ಒಂದು ಕಣ್ಣಿನ ನಾಯಿಗಳನ್ನು ಜನ ದಾಟಿಕೊಂಡು ಹೋಗುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಮೂರು ಕಾಲಿನ ನಾಯಿ ಸಲೀಸಾಗಿ ಓಡುತ್ತದೆ. ದಯವಿಟ್ಟು ಅವುಗಳ ಹತ್ತಿರವೂ ಒಂದು ನಿಮಿಷ ಕೂರಿ.

4. ಕಾಗದ ಪತ್ರ

ಸಾಮಾನ್ಯವಾಗಿ ಗುರುತಿನ ಚೀಟಿಯ ಪ್ರತಿ, ವಿಳಾಸ ಕೇಳಿ ಒಂದು ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಮಾರುವುದಿಲ್ಲ, ಬೀದಿಗೆ ಬಿಡುವುದಿಲ್ಲ, ವಯಸ್ಸಿಗೆ ಬಂದಾಗ ಆಪರೇಷನ್ ಮಾಡಿಸುತ್ತೇವೆ ಎಂಬ ಮಾತುಗಳು ಅದರಲ್ಲಿರುತ್ತವೆ. ಕೆಲವರು ಮನೆಗೆ ಬಂದು ನೋಡುತ್ತಾರೆ. ಲಸಿಕೆ ಕಾರ್ಡ್ ಕೇಳಿ ಪಡೆಯಿರಿ. ದತ್ತು ಅಂತ ಹೇಳಿ ಸಾವಿರಾರು ರೂಪಾಯಿ ಕೇಳಿದರೆ ಅದು ವ್ಯಾಪಾರ, ಅಲ್ಲಿಂದ ಎದ್ದು ಬನ್ನಿ.

ಫಾಸ್ಟರ್ ಎಂಬ ಮಾತು ಕೇಳಬಹುದು. ಅಂದರೆ ಕೆಲವು ವಾರ ನಿಮ್ಮ ಮನೆಯಲ್ಲಿ ಆರೈಕೆ ಮಾಡುವುದು, ಜವಾಬ್ದಾರಿ ಶೆಲ್ಟರ್‌ನದ್ದೇ. ಮೊದಲ ಸಲ ಸಾಕುವವರಿಗೆ ಇದು ಒಳ್ಳೆಯ ದಾರಿ.

5. ನಾಯಿ ಬರುವ ಮೊದಲು ಮನೆ, ತೋಟ ಸುತ್ತಿ ಬನ್ನಿ

ಪೇಟೆ ಮನೆಯಾದರೆ ಗೇಟಿನ ಸಂದಿ, ಮಹಡಿಯ ಕಟ್ಟೆ ನೋಡಿಕೊಂಡರೆ ಬಹಳಷ್ಟು ಮುಗಿಯಿತು. ಹಳ್ಳಿಯ ಒಂಟಿ ಮನೆಗೆ ಕೆಲಸ ಜಾಸ್ತಿ. ಉಣುಗೋಲು, ಅಂದರೆ ಅಡ್ಡ ಗಳಗಳ ಗೇಟು, ದನವನ್ನು ತಡೆಯುತ್ತದೆ, ನಾಯಿಯನ್ನು ತಡೆಯುವುದಿಲ್ಲ. ಅಂಗಳದ ಒಂದು ಭಾಗಕ್ಕಾದರೂ ಐದಡಿ ಜಾಲರಿ ಹಾಕಿಸಿ. ಕಟ್ಟೆಯಿಲ್ಲದ ಬಾವಿ, ಗೊಬ್ಬರದ ಗುಂಡಿಗೆ ಬೇಲಿ ಮಾಡಿ.

ವಿಷದ ವಸ್ತುಗಳನ್ನು ಎತ್ತರದಲ್ಲಿಡಿ. ಇಲಿ ಪಾಷಾಣ, ಕಳೆನಾಶಕ ಅಂತ ಎಲ್ಲರಿಗೂ ಹೊಳೆಯುತ್ತದೆ, ಅಡಿಕೆಗೆ ಬೋರ್ಡೋ ಔಷಧ ಹೊಡೆಯುವ ಡ್ರಮ್ಮು ಹೊಳೆಯುವುದಿಲ್ಲ. ಅದರಲ್ಲಿರುವುದು ಮೈಲುತುತ್ತ. ತಳದಲ್ಲಿ ನಿಂತ ನೀರನ್ನು ನಾಯಿ ನೆಕ್ಕಿದರೆ ಹೊಟ್ಟೆ, ಕರುಳಿಗೆ ಪೆಟ್ಟು. ಅಡಿಕೆಯನ್ನೂ ಮರಿಗಳು ಕಡಿಯಲು ನೋಡುತ್ತವೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶದಿಂದ ಜೊಲ್ಲು, ವಾಂತಿ, ಭೇದಿ ಶುರುವಾಗುತ್ತದೆ.

ಇನ್ನು ಚಿರತೆ. ನಮ್ಮ ಕಡೆ ಅಂಗಳದಲ್ಲಿ ಕಟ್ಟಿದ ನಾಯಿಯನ್ನು ಚಿರತೆ ಒಯ್ದ ಕಥೆ ಊರೂರಲ್ಲೂ ಕೇಳಿರುತ್ತೀರಿ. ಕಾವಲಿಗೆ ಅಂತ ಹೊರಗೆ ಕಟ್ಟಿದ ನಾಯಿಗೆ ಓಡುವ ದಾರಿಯೂ ಇರುವುದಿಲ್ಲ. ಕತ್ತಲಾದ ಮೇಲೆ ನಾಯಿ ಒಳಗಿರಬೇಕು. ಮನೆಯೊಳಗೆ ಆಗದಿದ್ದರೆ ಸರಳು ಹಾಕಿದ ಜಗಲಿ, ಇಲ್ಲವೇ ಕೊಟ್ಟಿಗೆಯ ಪಕ್ಕದ ಬಾಗಿಲಿರುವ ಕೋಣೆ. ಕಾಡಿನ ಅಂಚಿನಲ್ಲಿ ಹಂದಿಗೆ ಇಟ್ಟ ಉರುಳು, ಸಿಡಿಮದ್ದಿನ ಉಂಡೆ, ಬೇಲಿಗೆ ನೇರವಾಗಿ ಬಿಟ್ಟ ಕರೆಂಟು ಇವೂ ನಾಯಿಗಳ ಜೀವ ತೆಗೆಯುತ್ತವೆ. ಹಾಗಾಗಿ "ನಮ್ಮದು ಹಳ್ಳಿ, ಸುಮ್ನೆ ಬಿಟ್ಟರಾಯ್ತು" ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

6. ಕರೆತರುವ ದಿನ, ಆಮೇಲಿನ ಮೂರು ವಾರ

ತೀರ್ಥಹಳ್ಳಿ, ಹೊಸನಗರ ಕಡೆಯ ತಿರುವಿನ ರಸ್ತೆಯಲ್ಲಿ ನಾಯಿಗೂ ವಾಂತಿ ಬರುತ್ತದೆ. ದೊಡ್ಡ ನಾಯಿಯಾದರೆ ಹೊರಡುವ ಮೂರು ನಾಲ್ಕು ಗಂಟೆ ಮೊದಲು ಊಟ ಬೇಡ, ನೀರು ಕೊಡಬಹುದು. ಬೈಕ್ ಬೇಡವೇ ಬೇಡ. ಕುತ್ತಿಗೆಯ ಬೆಲ್ಟ್ ಜೊತೆಗೆ ಹಾರ್ನೆಸ್ ಹಾಕಿ. ಹಾರ್ನೆಸ್ ಅಂದರೆ ಎದೆ, ಹೊಟ್ಟೆ ಬಳಸಿ ಬರುವ ಪಟ್ಟಿ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿದರೆ ಬೆಲ್ಟ್ ತಲೆಯಿಂದ ಕಳಚಿಕೊಳ್ಳುತ್ತದೆ, ಸರಿಯಾಗಿ ಬಿಗಿದ ಹಾರ್ನೆಸ್ ಅಷ್ಟು ಸುಲಭಕ್ಕೆ ಕಳಚುವುದಿಲ್ಲ. ಬೆಲ್ಟಿಗೆ ನಿಮ್ಮ ಫೋನ್ ನಂಬರ್ ಬರೆದ ಬಿಲ್ಲೆ ಅಲ್ಲಿಯೇ ಕಟ್ಟಿಬಿಡಿ. ಶೆಲ್ಟರ್‌ನಲ್ಲಿ ಅದು ಮಲಗುತ್ತಿದ್ದ ಗೋಣಿ ಅಥವಾ ಬಟ್ಟೆಯನ್ನು ಕೇಳಿ ತೆಗೆದುಕೊಳ್ಳಿ, ತೊಳೆಯಬೇಡಿ. ಗುರುತಿನ ವಾಸನೆ ಅದರಲ್ಲಿದೆ.

ಮನೆ ತಲುಪಿದ ಮೇಲೆ ಒಂದು ಮೂಲೆ ಅದಕ್ಕೆ ಬಿಟ್ಟುಕೊಡಿ. ಜನ ಓಡಾಡದ ಕಡೆ, ಬೆನ್ನಿಗೆ ಗೋಡೆ ಇರುವ ಹಾಗೆ. ಆ ಗೋಣಿ ಹಾಸಿ, ನೀರಿಡಿ, ಎದ್ದು ಬನ್ನಿ. ಪಕ್ಕದ ಮನೆಯವರು, ನೆಂಟರು ನೋಡಲು ಬರುವುದು ಒಂದು ವಾರ ಬೇಡ. ಅವತ್ತೇ ಸ್ನಾನ ಮಾಡಿಸಬೇಡಿ. ಎಲ್ಲರೂ ಮಾಡುವ ತಪ್ಪು ಇದು. ಅಪರಿಚಿತರು ಹಿಡಿದು ನೀರು ಸುರಿದರೆ ಅದಕ್ಕೆ ನಿಮ್ಮ ಮೊದಲ ಪರಿಚಯವೇ ಹೆದರಿಕೆಯದ್ದಾಗುತ್ತದೆ.

ಮೂರು ದಿನ, ಮೂರು ವಾರ, ಮೂರು ತಿಂಗಳು ಅಂತ ನಾಯಿ ಸಾಕುವವರಲ್ಲಿ ಒಂದು ಲೆಕ್ಕವಿದೆ. ಮೂರು ದಿನ ಗಾಬರಿ ಇಳಿಯುವುದಕ್ಕೆ, ಮೂರು ವಾರ ಮನೆಯ ರೂಢಿ ತಿಳಿಯುವುದಕ್ಕೆ, ಮೂರು ತಿಂಗಳು ಇದು ನನ್ನ ಮನೆ ಅನ್ನಿಸುವುದಕ್ಕೆ. ಅಂದಾಜು ಲೆಕ್ಕ, ಕೆಲವಕ್ಕೆ ಇನ್ನೂ ಹೆಚ್ಚು ಬೇಕು. ಮೊದಲ ಮೂರು ದಿನ ಅದು ಸರಿಯಾಗಿ ತಿನ್ನದಿರಬಹುದು, ಮಂಚದ ಕೆಳಗಿಂದ ಬಾರದಿರಬಹುದು. ಎಳೆದು ತೆಗೆಯಬೇಡಿ. ನೀವು ಅಲ್ಲೇ ಕೂತು ಪೇಪರ್ ಓದಿ, ಒಂದು ತುಂಡು ಬೇಯಿಸಿದ ಮೊಟ್ಟೆ ಪಕ್ಕಕ್ಕಿಡಿ. ನೀರನ್ನೂ ಕುಡಿಯದಿದ್ದರೆ, ಒಂದೆರಡು ದಿನ ಏನೂ ತಿನ್ನದಿದ್ದರೆ, ಮರಿಯಾದರೆ ಅರ್ಧ ದಿನ ತಿನ್ನದಿದ್ದರೂ ಡಾಕ್ಟರ ಹತ್ತಿರ ಹೋಗಿ.

ಬಾಲ ಕಾಲ ಸಂದಿಗೆ ಸೇರಿದೆ, ಮತ್ತೆ ಮತ್ತೆ ತುಟಿ ನೆಕ್ಕುತ್ತಿದೆ, ನಿದ್ದೆ ಇಲ್ಲದೆಯೂ ಆಕಳಿಸುತ್ತಿದೆ, ಕಣ್ಣಿನ ಬಿಳಿ ಕಾಣುತ್ತಿದೆ ಅಂದರೆ ಅದು "ಸ್ವಲ್ಪ ದೂರ ಇರಿ" ಅನ್ನುತ್ತಿದೆ. ಗುರ್ ಎಂದರೆ ಹೊಡೆಯಬೇಡಿ. ಗುರ್ ಅನ್ನುವುದು ಎಚ್ಚರಿಕೆ. ಹೊಡೆದು ಅದನ್ನು ನಿಲ್ಲಿಸಿದರೆ ನಾಯಿ ಮುಂದೆ ಎಚ್ಚರಿಕೆ ಕೊಡದೆ ಕಚ್ಚುವುದನ್ನು ಕಲಿಯುತ್ತದೆ. ಮಕ್ಕಳಿಗೆ ಮೂರು ಮಾತು ಕಲಿಸಿ: ತಿನ್ನುವಾಗ ಹತ್ತಿರ ಹೋಗಬಾರದು, ಮಲಗಿದ್ದಾಗ ಮುಟ್ಟಬಾರದು, ತಬ್ಬಿಕೊಳ್ಳಬಾರದು. ಸಣ್ಣ ಮಗುವನ್ನು ಹೊಸ ನಾಯಿಯ ಜೊತೆ ಒಂದು ನಿಮಿಷವೂ ಒಂಟಿಯಾಗಿ ಬಿಡಬಾರದು.

ದನ, ಬೆಕ್ಕುಗಳಿಗೆ ದೂರದಿಂದ, ಹಗ್ಗ ಹಿಡಿದೇ ಪರಿಚಯ ಮಾಡಿಸಿ. ಕರು ಹಾಕಿದ ಹಸುವಿನ ಹತ್ತಿರ ಒಯ್ಯಬೇಡಿ. ಕೋಳಿ ಇದ್ದ ಮನೆಯವರು ಮೂರು ತಿಂಗಳು ನಾಯಿಯನ್ನು ನಂಬಬೇಡಿ, ಅದು ಎಷ್ಟೇ ಸಾಧುವಾಗಿ ಕಂಡರೂ ಸರಿ.

ಹೊರಗೆ ಮೂರು ವಾರವೂ ಹಗ್ಗದಲ್ಲೇ. ಆದರೆ ಹಗ್ಗ ಹಿಡಿದು ಓಡಾಡಿಸುವುದು ಬೇರೆ, ದಿನವಿಡೀ ಕಟ್ಟಿಹಾಕುವುದು ಬೇರೆ. ಗಿಡ್ಡ ಸರಪಳಿಯಲ್ಲಿ ಗಂಟೆಗಟ್ಟಲೆ ಕಟ್ಟಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಕಟ್ಟಿದ ನಾಯಿಗೆ ಸಿಟ್ಟೂ ಜಾಸ್ತಿ.

7. ಡಾಕ್ಟರು, ಲಸಿಕೆ, ಉಣುಗು

ಬಂದ ವಾರದೊಳಗೆ ಒಮ್ಮೆ ತೋರಿಸಿ. ತಾಲೂಕುಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆ ಇದೆ. ಶಿವಮೊಗ್ಗದ ವಿನೋಬನಗರದಲ್ಲಿ ಪಶು ವೈದ್ಯಕೀಯ ಕಾಲೇಜಿದೆ.

ಮರಿಗೆ ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಹದಿನಾರು ವಾರ ಆಗುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಬೂಸ್ಟರ್. ಬೂಸ್ಟರ್ ಅಂದರೆ ಮೊದಲಿನ ಲಸಿಕೆಯ ಬಲ ಗಟ್ಟಿ ಮಾಡುವ ಮರು ಇಂಜೆಕ್ಷನ್. ಇದು ಪಾರ್ವೊ, ಡಿಸ್ಟೆಂಪರ್ ತಡೆಯುತ್ತದೆ. ಪಾರ್ವೊ ಅಂದರೆ ರಕ್ತಭೇದಿ ಬಂದು ಮರಿ ಎರಡು ಮೂರು ದಿನದಲ್ಲೇ ಸಾಯಬಹುದಾದ ಕಾಯಿಲೆ. ಡಿಸ್ಟೆಂಪರ್ ಜ್ವರ, ಮೂಗು ಸೋರುವುದರಿಂದ ಶುರುವಾಗಿ ನರಗಳಿಗೆ ಹೋಗುತ್ತದೆ. ನಿಮ್ಮಲ್ಲಿ ಹಿಂದೆ ಪಾರ್ವೊದಿಂದ ನಾಯಿ ಸತ್ತಿದ್ದರೆ ವಿಷಯ ಮುಚ್ಚಿಡಬೇಡಿ. ಆ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಲಸಿಕೆ ಪೂರ್ತಿ ಮುಗಿಸಿದ ದೊಡ್ಡ ನಾಯಿಯನ್ನೇ ಕೇಳಿ.

ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ವರ್ಷ ವರ್ಷ. ಇಲಿ ಜ್ವರದ ಲಸಿಕೆಯೂ ಸೇರಿದೆಯಾ ಅಂತ ಕೇಳಿ. ಗದ್ದೆ, ಹಳ್ಳದ ನಿಂತ ನೀರು ಕುಡಿಯುವ ನಮ್ಮ ನಾಯಿಗಳಿಗೆ ಅದು ಬೇಕು. ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಮೆಡಿಕಲ್ಲಿನಿಂದ ಜೇಬಿನಲ್ಲಿ ತಂದು ಮನೆಯಲ್ಲಿ ಯಾರೋ ಚುಚ್ಚಿದರೆ ಅದು ಕೆಲಸ ಮಾಡುತ್ತದೆ ಎನ್ನುವ ಭರವಸೆ ಇಲ್ಲ. ಆಸ್ಪತ್ರೆಯಲ್ಲೇ ಹಾಕಿಸಿ. ಹೆಣ್ಣಾದರೆ ಬೆದೆಗೆ ಬರುವ ಮೊದಲೇ ಆಪರೇಷನ್ ಬಗ್ಗೆ ಮಾತಾಡಿ. ಗರ್ಭ ಅರವತ್ತಮೂರು ದಿನದ್ದು. ತಡ ಮಾಡಿದರೆ ಆರು ಮರಿಗಳಿಗೆ ಮನೆ ಹುಡುಕುತ್ತಾ ನೀವೇ ಶೆಲ್ಟರ್‌ಗೆ ಬರಬೇಕಾಗುತ್ತದೆ.

ನಾಯಿ ಕಚ್ಚಿದರೆ, ಪರಚಿದರೆ, ಲಸಿಕೆ ಆಗಿದ್ದ ನಾಯಿಯಾದರೂ, ಹರಿಯುವ ನೀರಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಸುಣ್ಣ, ಅರಿಶಿನ, ಖಾರದ ಪುಡಿ ಹಚ್ಚಬೇಡಿ. ರೇಬೀಸ್ ಲಕ್ಷಣ ಕಂಡ ಮೇಲೆ ಔಷಧ ಇಲ್ಲ.

ಉಣುಗಿನ ವಿಷಯ. ಕಾಡು, ತೋಟ ಸುತ್ತಿ ಬಂದ ನಾಯಿಯನ್ನು ದಿನಾ ಸಂಜೆ ದೀಪದ ಕೆಳಗೆ ಕೂರಿಸಿ ಕೈಯಾಡಿಸಿ. ಕಿವಿಯ ಮಡಿಕೆ, ಕುತ್ತಿಗೆಯ ಬೆಲ್ಟಿನ ಅಡಿ, ಕಂಕುಳು, ಬೆರಳ ಸಂದಿ. ರಕ್ತ ಕುಡಿದು ಉಬ್ಬಿದ್ದು ಹರಳು ಬೀಜದ ಹಾಗೆ ಕೈಗೆ ಸಿಗುತ್ತದೆ. ಹೊಸತಾಗಿ ಹತ್ತಿದ್ದು ಎಳ್ಳಿನ ಕಾಳಿನಷ್ಟೇ ಇರುತ್ತದೆ, ಬೆರಳ ತುದಿಯಲ್ಲೇ ಹುಡುಕಬೇಕು. ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರಕ್ಕೆ ಎಳೆಯಿರಿ, ಸೋಪು ನೀರಿಗೆ ಹಾಕಿ. ಉಗುರಲ್ಲಿ ಹಿಸುಕಬೇಡಿ, ಬೆಂಕಿ ತಾಗಿಸಬೇಡಿ, ನಾಯಿಯ ಮೈಗೆ ಸೀಮೆಎಣ್ಣೆ ಹಚ್ಚಬೇಡಿ. ದನದ ಉಣುಗಿಗೆ ತಂದ ಔಷಧವನ್ನು ಅಂದಾಜಿನಲ್ಲಿ ಬೆರೆಸಿ ನಾಯಿಗೆ ಹೊಯ್ಯುವುದು ಬಹಳ ಮನೆಗಳಲ್ಲಿದೆ. ನಾಯಿ ಮೈ ನೆಕ್ಕಿಕೊಳ್ಳುತ್ತದೆ, ವಿಷವೇರುತ್ತದೆ. ತೂಕ ನೋಡಿ ಡಾಕ್ಟರು ಕೊಡುವ ಮಾತ್ರೆ, ಬೆನ್ನಿಗೆ ಬಿಡುವ ಹನಿ ಔಷಧ ಇವೆ. ಒಸಡು ಬಿಳಿಚಿಕೊಂಡರೆ, ಮೂಗಲ್ಲಿ ರಕ್ತ ಬಂದರೆ, ಉಚ್ಚೆ ಕೆಂಪಾದರೆ ಅದು ಉಣುಗು ಜ್ವರ ಇರಬಹುದು, ಆ ದಿನವೇ ತೋರಿಸಿ.

ಮನುಷ್ಯರಿಗೂ ಬರುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮದೇ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ಹರಡುವುದು ಉಣುಗಿನಿಂದ, ಮಳೆ ಮುಗಿದು ಬೇಸಿಗೆ ಕಳೆಯುವವರೆಗಿನ ತಿಂಗಳುಗಳಲ್ಲಿ. ಆ ಕಾಲದಲ್ಲಿ ನಾಯಿಯನ್ನು ಕಾಡಿಗೆ ಬಿಡಬೇಡಿ. ಮಂಗ ಸತ್ತ ಸುದ್ದಿ ಬಂದ ಜಾಗದ ಹತ್ತಿರವಂತೂ ನೀವೂ ಹೋಗಬೇಡಿ.

ಮಳೆಗಾಲದಲ್ಲಿ ಇಂಬಳ (ಜಿಗಣೆ) ನಾಯಿಯ ಮೂಗಿನೊಳಗೂ ಹೊಕ್ಕುತ್ತದೆ. ಸೀನು ನಿಲ್ಲದೆ ಒಂದೇ ಹೊಳ್ಳೆಯಲ್ಲಿ ರಕ್ತ ಬಂದರೆ ಅದನ್ನೂ ನೆನಪಿಡಿ.

8. ಊಟ

ಶೆಲ್ಟರ್‌ನಲ್ಲಿ ತಿನ್ನುತ್ತಿದ್ದದ್ದನ್ನೇ ಮೊದಲು ಕೊಡಿ, ಒಂದು ವಾರದಲ್ಲಿ ನಿಧಾನಕ್ಕೆ ಬದಲಿಸಿ. ಬರೀ ಅನ್ನ ಮಜ್ಜಿಗೆ ಸಾಲುವುದಿಲ್ಲ. ಮೊಟ್ಟೆ, ಮೂಳೆ ತೆಗೆದ ಕೋಳಿ, ಮುಳ್ಳು ತೆಗೆದ ಮೀನು ಬೇಕು. ಮಾಂಸ ಮಾಡದ ಮನೆಯಾದರೆ ಅಂಗಡಿಯ ನಾಯಿ ಆಹಾರ ಅನುಕೂಲ. ಬೇಯಿಸಿದ ಮೂಳೆ ಚೂಪಾಗಿ ಸೀಳುತ್ತದೆ, ಕೊಡಬೇಡಿ. ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಕಾಫಿ ವಿಷ. ದ್ರಾಕ್ಷಿ ಹಾಕಿದ ಪಾಯಸವೂ ಅದರಲ್ಲೇ ಬಂತು.

9. ಹೊಂದದಿದ್ದರೆ

ಎಲ್ಲ ಮಾಡಿದರೂ ಒಮ್ಮೊಮ್ಮೆ ಆಗುವುದಿಲ್ಲ. ಮಗುವಿಗೆ ಉಬ್ಬಸ ಬರುತ್ತದೆ, ಮನೆಯ ಹಳೆ ನಾಯಿ ಒಪ್ಪುವುದಿಲ್ಲ. ಮೊದಲು ಶೆಲ್ಟರ್‌ಗೆ ಫೋನ್ ಮಾಡಿ, ಎಷ್ಟೋ ತೊಂದರೆ ಮಾತಿನಲ್ಲೇ ಸರಿಹೋಗುತ್ತದೆ. ಆಗದಿದ್ದರೆ ವಾಪಸ್ ತನ್ನಿ. ಬೈಯುವುದಿಲ್ಲ. ಪೇಟೆಯ ಬಸ್‌ಸ್ಟ್ಯಾಂಡಿನಲ್ಲೋ ಘಾಟಿಯ ತಿರುವಿನಲ್ಲೋ ಇಳಿಸಿ ಹೋಗಬೇಡಿ. ಅದು ಕಾನೂನಿನ ಪ್ರಕಾರ ಅಪರಾಧ. ಹಾಗೆ ಬಿಟ್ಟ ನಾಯಿ ಅದೇ ಜಾಗದಲ್ಲಿ ದಿನಗಟ್ಟಲೆ, ಹೋಗುವ ಒಂದೊಂದು ಗಾಡಿಯನ್ನೂ ನೋಡುತ್ತಾ ಕೂತಿರುತ್ತದೆ.

ವಾಪಸ್ ತರುವಾಗ ಲಸಿಕೆ ಕಾರ್ಡ್ ಇರಲಿ. ಯಾವ ಹೆಸರಿಗೆ ತಿರುಗುತ್ತದೆ, ಏನು ತಿನ್ನುತ್ತದೆ, ಯಾವುದಕ್ಕೆ ಹೆದರುತ್ತದೆ ಅಂತ ಒಂದು ಹಾಳೆಯಲ್ಲಿ ಬರೆದುಕೊಡಿ. ಅದು ಮಲಗುತ್ತಿದ್ದ ಗೋಣಿಯನ್ನೂ ತನ್ನಿ, ತೊಳೆಯದೆ.